ಕಥೆಯನ್ನು ಅರ್ಧಕ್ಕೆ ನಿಲ್ಲಿಸುವ ಚಾಳಿ

ನಮ್ಮ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅವರಿಗೆ ಪೇಪರ್ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಮೊನ್ನೆ ಎಲ್ಲೋ ಒಂದು ಮದುವೆ ಮುರಿದುಬಿದ್ದ ಸುದ್ದಿ ಓದುತ್ತಿದ್ದೆ. ತಾಳಿ ಕಟ್ಟುವ ಹೊತ್ತಿಗೆ ಹುಡುಗಿ ಮಂಟಪದಿಂದ ಎದ್ದು ನಿಂತಳು ಎನ್ನುವಲ್ಲಿಗೆ ಬಂದಾಗ ನನಗೇ ಗೊತ್ತಿಲ್ಲದೆ ಪೇಪರ್ ಮಡಚಿ ಅತ್ತೆಯ ಮುಖ ನೋಡಿದೆ. ಮುಂದೆ ಏನಾಗಿರಬಹುದು ಹೇಳಿ ನೋಡೋಣ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು, "ನಾನೇನು ನಿನ್ನ ಒಂದನೇ ಕ್ಲಾಸಿನ ಹುಡುಗಿಯೇನೇ ಮಾರಾಯ್ತಿ? ಮುಂದೆ ಓದು" ಅಂದರು.

ಇದು ನನ್ನ ಹಳೆಯ ಚಾಳಿ. ಮನೆಯವರೆಲ್ಲ ಇದರಿಂದ ರೋಸಿಹೋಗಿದ್ದಾರೆ. ಪಕ್ಕದ ಮನೆಯ ಜಗಳದ ವರದಿಯನ್ನೂ ನಾನು ಅರ್ಧಕ್ಕೆ ನಿಲ್ಲಿಸಿ ಸಾರಿಗೆ ಉಪ್ಪು ಹಾಕಲು ಎದ್ದುಹೋಗುತ್ತೇನೆ ಎಂದು ನನ್ನ ಗಂಡನ ದೂರು. ಏನು ಮಾಡಲಿ, ಹೊಟ್ಟೆಪಾಡಿನ ಕೆಲಸ ಕಲಿಸಿದ ಚಾಳಿ ಮನೆಗೆ ಬಂದರೂ ಬಿಡುವುದಿಲ್ಲ. ವಸ್ತಾರೆಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿ, ಮಲ್ಲಂದೂರಿನ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವವಳು ನಾನು. ಸುತ್ತ ಕಾಫಿ ತೋಟ. ಮಕ್ಕಳು ಹೆಚ್ಚಿನವರು ಎಸ್ಟೇಟಿನ ಲೈನುಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬರುವವರು.

ನನ್ನ ಕ್ರಮ ಹೀಗೆ. ಬಿಸಿಯೂಟದ ಗಂಟೆಗೆ ಮೊದಲು ಕಥೆ ಓದುತ್ತೇನೆ. ಏನಾದರೊಂದು ಆಗಲೇಬೇಕು ಎನ್ನುವ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಬಿಡುತ್ತೇನೆ. ಊಟ ಆದ ಮೇಲೆ ಮಕ್ಕಳು ಮುಂದೇನಾಯಿತು ಎನ್ನುವುದನ್ನು ಬಣ್ಣದಲ್ಲಿ ಬರೆಯಬೇಕು. ಪುಸ್ತಕದ ಉಳಿದರ್ಧ ಮರುದಿನ ಬೆಳಿಗ್ಗೆ. ಒಂದು ರಾತ್ರಿ ಕಥೆ ಮಕ್ಕಳ ಜೊತೆ ಅವರವರ ಮನೆಗೆ ಹೋಗಿ ಬರುತ್ತದೆ.

ಇದನ್ನು ಯಾರೋ ತರಬೇತಿಯಲ್ಲಿ ಹೇಳಿಕೊಟ್ಟರು ಅಂದುಕೊಳ್ಳಬೇಡಿ. ನನಗೆ ಚಿತ್ರ ಬರೆಯಲು ಬರುವುದಿಲ್ಲ, ಅದೇ ಇದರ ಮೂಲ. ನಾನು ಓದಿದ ಶಾಲೆಯಲ್ಲಿ ಚಿತ್ರ ಅಂದರೆ ಒಂದು ಮಾವಿನಹಣ್ಣು, ಅದು ಬಿಟ್ಟರೆ ಒಂದು ಗಿಣಿ. ಏಳು ವರ್ಷ ಅವೆರಡನ್ನೇ ಬರೆದೆವು. ಬಣ್ಣ ಇರಲಿಲ್ಲ, ಗಿಣಿಗೆ ಎಲೆ ತಿಕ್ಕಿ ಹಸಿರು ಮಾಡುತ್ತಿದ್ದೆವು. ಟೀಚರ್ ಆದ ಹೊಸತರಲ್ಲಿ ಬೋರ್ಡಿನ ಮೇಲೆ ಹಸು ಬರೆದು ಇದೇನು ಎಂದು ಕೇಳಿದ್ದೆ. ಮಕ್ಕಳು ಒಕ್ಕೊರಲಿನಿಂದ ನಾಯಿ ಅಂದರು. ಅಂದಿನಿಂದ ಬರೆದು ತೋರಿಸುವ ಸಾಹಸ ಬಿಟ್ಟೆ. ಕಥೆ ಓದುವುದು ಮಾತ್ರ ನನಗೆ ಬರುತ್ತದೆ, ಬರೆಯುವುದು ನಿಮಗೆ ಬರುತ್ತದೆ ಎಂದು ಮಕ್ಕಳ ಜೊತೆ ಒಪ್ಪಂದ ಮಾಡಿಕೊಂಡೆ.

ಮಕ್ಕಳು ಈ ಒಪ್ಪಂದಕ್ಕೆ ಎಂದೂ ಮೋಸ ಮಾಡಿಲ್ಲ. ಎರಡನೇ ತರಗತಿಯ ಪ್ರಜ್ವಲ್ ಎಂಬವನಿಗೆ ಲೋಕದ ಎಲ್ಲ ಕಷ್ಟಕ್ಕೂ ಜೆಸಿಬಿಯೇ ಪರಿಹಾರ. ರಾಜಕುಮಾರಿ ಗುಹೆಯೊಳಗೆ ಸಿಕ್ಕಿಕೊಂಡರೆ ಜೆಸಿಬಿ, ಮೊಲ ದಾರಿ ತಪ್ಪಿದರೆ ಜೆಸಿಬಿ. ಅವನಿಂದಾಗಿ ನಮ್ಮ ಹಳದಿ ಬಣ್ಣ ಎಲ್ಲದಕ್ಕಿಂತ ಮೊದಲು ಖಾಲಿಯಾಗುತ್ತದೆ. ಕುಂಚ ಅದ್ದುವ ನೀರು ಸಂಜೆಯ ಹೊತ್ತಿಗೆ ಯಾವಾಗಲೂ ಒಂದೇ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಹಾಕಲಿ, ನೀಲಿ ಹಾಕಲಿ, ಕೊನೆಗೆ ಹಳಸಿದ ಕಾಫಿಯ ಬಣ್ಣವೇ. ಅದನ್ನು ದಾಸವಾಳದ ಬುಡಕ್ಕೆ ಚೆಲ್ಲುವುದಕ್ಕೆ ಮಕ್ಕಳು ದಿನಾ ಸರದಿಗಾಗಿ ಜಗಳವಾಡುತ್ತಾರೆ. ಬರೆದ ಹಾಳೆಗಳನ್ನು ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸುತ್ತೇವೆ.

ಕಳೆದ ವರ್ಷ ಕಾಫಿಗೆ ಹೂವಿನ ನೀರು ಕೊಡುವ, ಅಂದರೆ ಹೂ ಅರಳಲೆಂದು ತೋಟಕ್ಕೆ ನೀರು ಚಿಮುಕಿಸುವ ಕಾಲದಲ್ಲಿ ಓದಿದ್ದು ಒಂದು ಆನೆಮರಿಯ ಕಥೆ. ತೆಳ್ಳಗಿನ ಪುಸ್ತಕ, ತುಂಬ ಚಿತ್ರ. ಆನೆಗಳ ಹಿಂಡು ಹೊಳೆ ದಾಟುತ್ತದೆ. ಆಟವಾಡುತ್ತಾ ಹಿಂದೆ ಉಳಿದ ಮರಿ ದಡಕ್ಕೆ ಬರುವಷ್ಟರಲ್ಲಿ ಹೊಳೆ ತುಂಬಿಬಿಡುತ್ತದೆ. ಆಚೆ ದಡದಲ್ಲಿ ತಾಯಿ, ಈಚೆ ದಡದಲ್ಲಿ ಮರಿ. ನಾನು ಅಲ್ಲಿಗೆ ಪುಸ್ತಕ ಮುಚ್ಚಿದೆ. ಊಟ ಆದ ಮೇಲೆ ಪ್ರಜ್ವಲ್ ಹಳದಿ ಬಣ್ಣಕ್ಕೆ ಕೈ ಹಾಕಿದ. ಕೆಲವರು ಸೇತುವೆ ಬರೆದರು, ಒಬ್ಬಳು ಆನೆಯನ್ನು ಬಸ್ಸಿಗೆ ಹತ್ತಿಸಿದಳು. ಎರಡನೇ ತರಗತಿಯ ಸಿಂಚನ ಮಾತ್ರ ನಿಧಾನ. ಯಾವುದನ್ನೂ ಯೋಚಿಸದೆ ಬರೆಯುವವಳಲ್ಲ ಅವಳು. ಗಂಟೆ ಹೊಡೆಯುವಾಗ ಅವಳ ಹಾಳೆಯಲ್ಲಿ ಅಗಲವಾದ ಒಂದು ಹೊಳೆ, ಈಚೆ ದಡದಲ್ಲಿ ಬೂದುಬಣ್ಣದ ಮರಿ, ಇಷ್ಟೇ ಇತ್ತು. ನಾಳೆ ಮುಗಿಸುತ್ತೇನೆ ಟೀಚರ್ ಎಂದು ಹಗ್ಗಕ್ಕೆ ಸಿಕ್ಕಿಸಿ ಹೋದಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಆನೆ ಈಗ ಕಥೆಯ ಪ್ರಾಣಿಯಾಗಿ ಉಳಿದಿಲ್ಲ. ಯಾವ ತೋಟದಲ್ಲಿದೆ, ಯಾವ ರಸ್ತೆ ದಾಟಿತು ಎಂದು ಬೆಳಗಾದರೆ ಎಲ್ಲರ ಮೊಬೈಲಿಗೂ ಸುದ್ದಿ ಬರುತ್ತದೆ. ಆದರೂ ಹಳಬರ ಒಂದು ಕ್ರಮ ಹೋಗಿಲ್ಲ. ಮುಸ್ಸಂಜೆಯಾದ ಮೇಲೆ ಹಾವನ್ನು ಹುಳ ಎನ್ನುವ ಹಾಗೆ, ಆನೆಯ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. 'ಅದು' ಬಂದಿದೆಯಂತೆ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಹೆಸರು ಹಿಡಿದರೆ ಕರೆದ ಹಾಗಾಗುತ್ತದೆ ಎನ್ನುವ ನಂಬಿಕೆ. ನಮ್ಮ ಅತ್ತೆಯೂ ಮೊದಲು ಹೀಗೇ ಇದ್ದರು. ದಿನಾ ಪೇಪರಿನಲ್ಲಿ ಅದೇ ಸುದ್ದಿ ಕೇಳಿ ಕೇಳಿ ಈಗ ಬಿಟ್ಟಿದ್ದಾರೆ.

ಮರುದಿನ ಬೆಳಿಗ್ಗೆ ನಾನು ಶಾಲೆಯ ತಿರುವಿಗೆ ಬರುವಾಗ ರಸ್ತೆಯಲ್ಲಿ ಜನ ನಿಂತಿದ್ದರು. ಸಿಂಚನಳ ಅಪ್ಪ ಮಂಜಯ್ಯ ಬೆಳಕು ಹರಿಯುವ ಮೊದಲೇ ತೋಟದಲ್ಲಿ ಸ್ಪ್ರಿಂಕ್ಲರಿನ ಪೈಪು ಬದಲಾಯಿಸಲು ಹೋಗಿದ್ದರು. ನೀರಿನ ಸದ್ದಿನಲ್ಲಿ ಹಿಂದೆ 'ಅದು' ಬಂದದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ಅವತ್ತು ಶಾಲೆಯಲ್ಲಿ ಯಾರೂ ಕಥೆಯ ಉಳಿದರ್ಧ ಕೇಳಲಿಲ್ಲ.

ಕಾಫಿ ಹೂವಾಗಿ, ತೋಟವೆಲ್ಲ ಬೆಳ್ಳಗಾಗಿ, ಆ ಹೂವು ಕಂದಿದ ಮೇಲೆ ಸಿಂಚನ ಶಾಲೆಗೆ ಬಂದಳು. ಅವಳು ಬರುತ್ತಾಳೆ ಎಂದು ತಿಳಿದು ಹಿಂದಿನ ಸಂಜೆಯೇ ನಾನೊಬ್ಬಳೇ ಶಾಲೆಯಲ್ಲಿ ಉಳಿದು ಕೋಣೆಯಲ್ಲಿದ್ದ ಆನೆಗಳನ್ನೆಲ್ಲ ಅಡಗಿಸಿದೆ. ಸಣ್ಣ ಮಕ್ಕಳ ಒಂದು ಕೋಣೆಯಲ್ಲಿ ಎಷ್ಟು ಆನೆಗಳಿರುತ್ತವೆ ಎನ್ನುವುದು ಅಂದು ಗೊತ್ತಾಯಿತು. ಮರದ ಗೊಂಬೆಯನ್ನು ಬೀರುವಿಗೆ ಹಾಕಿದೆ. ಆ ಪುಸ್ತಕವನ್ನು ಬ್ಯಾಗಿಗೆ ತುರುಕಿದೆ. ಹಗ್ಗದ ಮೇಲಿದ್ದ ಚಿತ್ರಗಳನ್ನು ತೆಗೆದು ಮಡಚಿಟ್ಟೆ. ಕೊನೆಗೆ ಉಳಿದದ್ದು ಗೋಡೆಯ ಅಕ್ಷರಮಾಲೆ. ಅಲ್ಲಿ ಅರಸನ ಪಕ್ಕದಲ್ಲೇ ಆನೆ ಸೊಂಡಿಲೆತ್ತಿ ನಿಂತಿತ್ತು. ಬೇರೆ ದಾರಿ ಕಾಣದೆ ಒಂದು ಹಾಳೆಯಲ್ಲಿ ಆಮೆ ಬರೆದು ಅದರ ಮೇಲೆ ಮೈದಾ ಅಂಟು ಹಚ್ಚಿ ಮೆತ್ತಿದೆ. ನನ್ನ ಕೈಯ ಆಮೆ ಹೇಗಿರುತ್ತದೆ ಎಂದು ನೀವೇ ಊಹಿಸಿ. ಮರುದಿನ ಪ್ರಜ್ವಲ್ ಅದನ್ನು ತುಂಬ ಹೊತ್ತು ನೋಡಿ, ಹೆಲ್ಮೆಟ್ಟಾ ಟೀಚರ್ ಎಂದು ಕೇಳಿದ. ಆಮೇಲೆ ಹೆಲ್ಮೆಟ್ಟಿನ ಕೆಳಗೆ ಸೊಂಡಿಲಿನ ತುದಿ ಇಣುಕುವುದು ಅವನಿಗೆ ಕಂಡಿರಬೇಕು. ಸಿಂಚನಳ ಕಡೆ ಒಮ್ಮೆ ನೋಡಿ ತನ್ನ ಜಾಗಕ್ಕೆ ಹೋಗಿ ಕೂತ.

ಮಕ್ಕಳಿಗೆ ನಾನು ಏನೂ ಹೇಳಿರಲಿಲ್ಲ. ಅವರಾಗಿಯೇ ಆ ಶಬ್ದವನ್ನು ಬಿಟ್ಟರು. ಆಟದಲ್ಲಿ ಬಿಟ್ಟರು, ಚಿತ್ರದಲ್ಲಿ ಬಿಟ್ಟರು. ಅಕ್ಷರಮಾಲೆ ಹೇಳುವಾಗ ಆ ಜಾಗಕ್ಕೆ ಬಂದರೆ ಎಲ್ಲರ ದನಿಯೂ ಇಳಿಯುತ್ತಿತ್ತು. ನಮ್ಮ ಕೋಣೆ ಮಗುವಿನ ದುಃಖವನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಆದರೆ ಸಿಂಚನ ಬಣ್ಣ ಮುಟ್ಟಲಿಲ್ಲ. ಓದು ಅಂದರೆ ಓದುತ್ತಿದ್ದಳು, ಬರೆ ಅಂದರೆ ಬರೆಯುತ್ತಿದ್ದಳು. ತಾನಾಗಿ ಒಂದು ಮಾತು ಇಲ್ಲ. ಊಟ ಆದ ಮೇಲೆ ಎಲ್ಲರೂ ಕುಂಚ ಹಿಡಿದರೆ ಅವಳು ಬಿಳಿ ಹಾಳೆಯ ಮುಂದೆ ಕೈ ಕಟ್ಟಿಕೊಂಡು ಕೂರುತ್ತಿದ್ದಳು. ಸಂಜೆ ಆ ಹಾಳೆಯನ್ನು ಹಾಗೆಯೇ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು. ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವಳನ್ನು ಕರೆದೊಯ್ಯಲು ಬಂದ ಅವಳ ಅಮ್ಮ ಗಿರಿಜಳನ್ನು ಒಮ್ಮೆ ಪಕ್ಕಕ್ಕೆ ಕರೆದು ಕೇಳಿದೆ.

"ಮನೇಲೂ ಹಂಗೇ ಟೀಚರೇ" ಅಂದಳು ಗಿರಿಜ. "ಅವಳು ಏನೂ ಕೇಳಲ್ಲ, ನಾನೂ ಏನೂ ಹೇಳಲ್ಲ. ಇಬ್ರೂ ಸುಮ್ನೆ ಉಂಡು ಮಲಗ್ತೀವಿ. ಹಿಂಗೇ ಆದ್ರೆ ಈ ಮಗು ಏನಾಗ್ತದೆ ಅಂತ ನಂಗೆ ಹೆದ್ರಿಕೆ."

ನನಗೂ ಅದೇ ಹೆದರಿಕೆ ಹಿಡಿಯಿತು. ಆ ವಯಸ್ಸಿನ ಮಗು ಅಳದೆ, ಕೇಳದೆ, ಒಂದು ಗೆರೆಯನ್ನೂ ಎಳೆಯದೆ ಇದ್ದರೆ ಆ ಭಾರ ಎಲ್ಲಿ ಇಳಿಯಬೇಕು? ನಾನು ಇನ್ನಷ್ಟು ಎಚ್ಚರ ವಹಿಸಿ, ಕಾಡು ಕೂಡ ಬಾರದಂಥ ಕಥೆಗಳನ್ನು ಹುಡುಕತೊಡಗಿದೆ.

ಮಾರ್ಚಿನ ಬಿಸಿಲಿಗೆ ನನ್ನ ಆಮೆ ಒಣಗಿ ಅಂಚಿನಿಂದ ಸುರುಳಿ ಸುತ್ತಿಕೊಳ್ಳಲು ಶುರುವಾಯಿತು. ಒಂದು ಬೆಳಿಗ್ಗೆ ನಾನು ಕೋಣೆಗೆ ಬಂದಾಗ ಸಿಂಚನ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಆಮೆಯನ್ನು ಪೂರಾ ಕಿತ್ತಿದ್ದಳು. ಕೆಳಗಿನ ಆನೆಯ ಮೈಮೇಲೆಲ್ಲ ಮೈದಾ ಅಂಟಿನ ಬಿಳಿ ಕಲೆ. ಅವಳು ಅದನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಬೈಯುತ್ತೇನೆ ಅಂದುಕೊಂಡಳೋ ಏನೋ, ಕೆಳಗಿಳಿದು ನನ್ನ ಹತ್ತಿರ ಬಂದು ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಟೀಚರ್, ಹೆಸರು ಹೇಳಿದ್ರೆ ಬರ್ತದಾ?"

ನನಗೆ ಮೊದಲು ಅರ್ಥವಾಗಲಿಲ್ಲ.

"ಅವತ್ತು ಸಂಜೆ ನಾನು ಮನೇಲಿ ತುಂಬಾ ಸಲ ಹೇಳ್ದೆ. ಅಮ್ಮ ಹೇಳ್ಬೇಡ ಅಂದ್ರೂ ಹೇಳ್ದೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಈ ಮಗು ಇಷ್ಟು ದಿನ ಹೊತ್ತುಕೊಂಡು ಓಡಾಡಿದ್ದು ಇದನ್ನು. ನನ್ನ ಕಥೆ ಕೇಳಿ ಮನೆಗೆ ಹೋಗಿ, ಮುಸ್ಸಂಜೆಯಲ್ಲಿ ಆನೆ ಆನೆ ಎಂದಳು, ಬೆಳಗಾಗುವಷ್ಟರಲ್ಲಿ ಆನೆ ಬಂತು. ಅವಳು ಶಾಲೆಗೆ ಬಂದರೆ ಅಲ್ಲಿ ಒಂದೂ ಆನೆಯಿಲ್ಲ. ಗೆಳೆಯರು ಹೆಸರು ಹೇಳುವುದಿಲ್ಲ, ಟೀಚರ್ ಪುಸ್ತಕ ಬಚ್ಚಿಟ್ಟಿದ್ದಾಳೆ, ಗೋಡೆಯ ಚಿತ್ರದ ಮೇಲೂ ಹಾಳೆ ಮೆತ್ತಿದ್ದಾಳೆ. ಹೌದು, ಹೆಸರು ಹೇಳಿದ್ದರಿಂದಲೇ ಬಂತು ಎಂದು ನಾವೆಲ್ಲ ಸೇರಿ ಬಾಯಿ ಮುಚ್ಚಿಕೊಂಡೇ ಅವಳಿಗೆ ಹೇಳಿದ ಹಾಗಾಗಿತ್ತು. ನನ್ನ ಹೆಮ್ಮೆ ಎಲ್ಲಿಗೆ ಹೋಯಿತೋ ತಿಳಿಯದು.

ಅವಳನ್ನು ಹತ್ತಿರ ಎಳೆದುಕೊಂಡು, ಬರುವುದಿಲ್ಲ ಅಂದೆ. ಈಗ ಹಗಲಲ್ವಾ ಟೀಚರ್, ನಾನು ಹೇಳಿದ್ದು ಮುಸ್ಸಂಜೆಗೆ ಎನ್ನುವ ಹಾಗೆ ನೋಡಿದಳು. ಆಗ ನನ್ನ ಅತ್ತೆಯ ನೆನಪು ಸಹಾಯಕ್ಕೆ ಬಂತು, ಅವಳಿಗೆ ಹೇಳಿದೆ. "ನಮ್ಮನೆ ಅಜ್ಜಿಗೆ ನಾನು ದಿನಾ ದೀಪ ಹಚ್ಚಿದ ಮೇಲೆ ಪೇಪರ್ ಓದ್ತೀನಿ. ದಿನಾ ಅದ್ರಲ್ಲಿ ಆನೆ ಸುದ್ದಿ ಇರ್ತದೆ. ಆನೆ, ಆನೆ ಅಂತ ಗಟ್ಟಿಯಾಗಿ ಓದ್ತೀನಿ, ಅಜ್ಜಿಗೆ ಕಿವೀನೂ ಸ್ವಲ್ಪ ಮಂದ. ಒಂದು ದಿನವೂ ಅದು ನಮ್ಮ ಬಾಗಿಲಿಗೆ ಬಂದಿಲ್ಲ ಪುಟ್ಟಿ. ಅದಕ್ಕೆ ಕನ್ನಡ ಬರಲ್ಲ. ಹಸಿವಾದ ಕಡೆ ಹೋಗ್ತದೆ, ನೀರಿರೋ ಕಡೆ ಹೋಗ್ತದೆ. ನೀನು ಕರೆದಿದ್ದಲ್ಲ."

ಅವಳು ಅದನ್ನು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಗೋಡೆಯ ಆನೆಯನ್ನು ನೋಡಿ, ಹಾಗಾದರೆ ಆ ಕಥೆ ಮುಗಿಸಿ ಅಂದಳು.

ಪುಸ್ತಕ ಅವತ್ತಿಗೂ ನನ್ನ ಬ್ಯಾಗಿನ ತಳದಲ್ಲೇ ಇತ್ತು. ಮಕ್ಕಳೆಲ್ಲ ಬಂದು ಕೂತ ಮೇಲೆ ತೆಗೆದೆ. ಮುಖಪುಟ ಕಂಡೊಡನೆ ಎಲ್ಲರೂ ಸಿಂಚನಳ ಕಡೆ ತಿರುಗಿದರು. ಅವಳು ಮುಂದೆ ಬಂದು ನನ್ನ ಮೊಣಕಾಲಿಗೆ ಅಂಟಿಕೊಂಡು ಕೂತಳು. ಮೊದಲಿನಿಂದ ಓದಿದೆ. ಸಾಲು ಸಾಲಿಗೂ ಆ ಹೆಸರು ಬರುತ್ತಿತ್ತು. ಒಂದೊಂದು ಸಲವೂ ದನಿ ತಗ್ಗಿಸದೆ ಓದಿದೆ. ಹೊಳೆ ತುಂಬಿತು. ತಾಯಿ ಆಚೆ, ಮರಿ ಈಚೆ. ಅಂದು ಮುಚ್ಚಿದ್ದ ಪುಟವನ್ನು ತಿರುಗಿಸಿದೆ.

ಪುಸ್ತಕದಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ತಾಯಿ ಆಚೆ ದಡ ಬಿಟ್ಟು ಕದಲುವುದಿಲ್ಲ, ಮರಿ ಈಚೆ ದಡ ಬಿಟ್ಟು ಕದಲುವುದಿಲ್ಲ. ಬೆಳಗಾಗುವಷ್ಟರಲ್ಲಿ ನೀರು ಇಳಿಯುತ್ತದೆ. ಮರಿ ನಡೆದುಕೊಂಡು ತಾಯಿಯ ಹತ್ತಿರ ಹೋಗುತ್ತದೆ. ಜೆಸಿಬಿ ಬಾರದ್ದಕ್ಕೆ ಪ್ರಜ್ವಲನ ಮುಖ ಇಳಿಯಿತು. ಸಿಂಚನ ಕೊನೆಯ ಚಿತ್ರದ ಮೇಲೆ ಬೆರಳಿಟ್ಟು, "ನಾನೇ ಗೆದ್ದೆ" ಅಂದಳು. ಆಮೇಲೆ, "ಅಪ್ಪ ಸೋತ್ರು ಟೀಚರ್."

ಏನು ಎತ್ತ ಎಂದು ನಾನು ಕೇಳುವ ಮೊದಲೇ ಅವಳು ಹೇಳತೊಡಗಿದಳು. ಅವತ್ತು ಸಂಜೆ ಅಪ್ಪನಿಗೆ ಅರ್ಧ ಕಥೆ ಹೇಳಿ ಮುಂದೇನು ಎಂದು ಕೇಳಿದ್ದಳಂತೆ. ನೀರು ಇಳಿಯುವ ತನಕ ಎರಡೂ ಕಾಯುತ್ತವೆ ಎಂದು ಅವಳ ವಾದ. ಮರಿ ಯಾಕೆ ಕಾಯಬೇಕು, ತಾಯಿಯೇ ವಾಪಸ್ ಈ ಕಡೆ ಬರುತ್ತದೆ ಎಂದು ಅಪ್ಪನ ವಾದ. ಇಬ್ಬರೂ ಬಿಟ್ಟುಕೊಡದೆ ಪಂಥ ಕಟ್ಟಿದರು. ಅವಳು ಸೋತರೆ ಅಪ್ಪ ಕೆಲಸದಿಂದ ಬಂದ ಮೇಲೆ ಅವರ ಬೆನ್ನು ತುಳಿಯಬೇಕು. ಅಪ್ಪ ಸೋತರೆ ಅವಳನ್ನು ಲೈನಿನಿಂದ ಶಾಲೆಯ ಗೇಟಿನ ತನಕ ಹೆಗಲ ಮೇಲೆ ಹೊತ್ತುಕೊಂಡು ಬರಬೇಕು.

"ಗೇಟಿನ ತನಕ ಅಂದಿದ್ರು" ಎಂದು ಇನ್ನೊಮ್ಮೆ ಹೇಳಿದಳು. ಅಲ್ಲಿಗೆ ಅವಳ ಬಾಯಿ ಸೊಟ್ಟಗಾಯಿತು. ಅವತ್ತಿನವರೆಗೆ ಬಾರದ ಅಳು ಬಂತು. ನನ್ನ ಸೀರೆಯಲ್ಲಿ ಮುಖ ಹುದುಗಿಸಿ ಅತ್ತಳು. ನಾನೂ ಅತ್ತುಬಿಟ್ಟೆ, ಮಕ್ಕಳೆದುರು ಅಳಬಾರದು ಎನ್ನುವ ಪಾಠವೆಲ್ಲ ನೆನಪಿಗೆ ಬರಲಿಲ್ಲ. ಆಮೇಲೆ ಪ್ರಜ್ವಲ್ ಎದ್ದುಹೋಗಿ ಚೊಂಬಿನಲ್ಲಿ ಹೊಸ ನೀರು ತಂದು, ಬಣ್ಣದ ಡಬ್ಬಿಯನ್ನು ಅವಳ ಪಕ್ಕದಲ್ಲಿಟ್ಟ. ಅದು ಬಣ್ಣದ ಹೊತ್ತಾಗಿರಲಿಲ್ಲ. ನಾನು ಬೇಡ ಅನ್ನಲಿಲ್ಲ.

ಮಡಚಿಟ್ಟಿದ್ದ ಅವಳ ಹಳೆಯ ಹಾಳೆಯನ್ನು ಬೀರುವಿನಿಂದ ತೆಗೆದುಕೊಟ್ಟೆ. ಮೂಗು ಒರೆಸಿಕೊಂಡು ಕೂತಳು. ಮಡಿಕೆಯ ಗೆರೆ ಹೊಳೆಯ ನಡುವೆಯೇ ಬಿದ್ದಿತ್ತು. ಅವಳು ಕಪ್ಪಿಗೆ ಬಿಳಿ ಬೆರೆಸಿ, ಎಂದಿನಂತೆ ನಿಧಾನವಾಗಿ, ಒಂದು ದೊಡ್ಡ ಆನೆಯನ್ನು ಬರೆದಳು. ಈಚೆ ದಡದಲ್ಲಿ, ಮರಿಯ ಪಕ್ಕದಲ್ಲೇ. ಅದರ ಕಾಲುಗಳಿಗೆಲ್ಲ ಹೊಳೆಯ ನೀಲಿ ಬಳಿದಳು, ಈಗ ತಾನೇ ನೀರಿನಿಂದ ಎದ್ದು ಬಂದದ್ದಲ್ಲವೇ. ಮೂರನೇ ತರಗತಿಯ ಹುಡುಗಿಯೊಬ್ಬಳು ಬಗ್ಗಿ ನೋಡಿ, ಪುಸ್ತಕದಲ್ಲಿ ಹೀಗಿಲ್ಲವಲ್ಲ ಅಂದಳು.

"ಇದು ಅಪ್ಪ ಹೇಳಿದ್ದು" ಅಂದಳು ಸಿಂಚನ.

ಸಂಜೆ ಗಿರಿಜ ಬಂದಾಗ ಹಗ್ಗದ ಮೇಲಿದ್ದ ಆ ಚಿತ್ರ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ನಿಂತೇ ಕೇಳಿದಳು. ಆ ಸಂಜೆ ಅಪ್ಪ ಮಗಳು ಊಟಕ್ಕೆ ಏಳದೆ ವಾದ ಮಾಡುತ್ತಿದ್ದದ್ದು, ಮುಸ್ಸಂಜೆಯಲ್ಲಿ ಅದರ ಹೆಸರು ಹೇಳಬೇಡಿ ಎಂದು ತಾನು ಒಲೆಯ ಮುಂದಿನಿಂದ ಗದರಿದ್ದು, ಎಲ್ಲ ಅವಳಿಗೆ ನೆನಪಿತ್ತು.

"ನಮ್ಮಮ್ಮ ನಂಗೆ ಹೇಳ್ತಿದ್ರು, ನಾನು ಇವಳಿಗೆ ಹೇಳ್ದೆ. ಅಷ್ಟೇ ಟೀಚರೇ" ಅಂದಳು. "ಆಮೇಲೆ ನಂಗೆ ಅವಳ ಮುಖ ನೋಡಿದ್ರೆ ಅವಳಪ್ಪನದ್ದೇ ನೆನಪು. ಅದಕ್ಕೆ ಮಾತಾಡ್ಸಕ್ಕೆ ಆಗ್ತಿರಲಿಲ್ಲ. ಅವಳು ಅದನ್ನ ಸಿಟ್ಟು ಅಂದ್ಕೊಂಡ್ಳೇನೋ."

ಮಗಳ ಚೀಲವನ್ನು ತಾನು ಹಾಕಿಕೊಂಡು, ಅವಳ ಕೈ ಹಿಡಿದುಕೊಂಡು ಹೋದಳು. ದಾರಿಯಲ್ಲಿ ಏನು ಮಾತಾಡಿಕೊಂಡರೋ ನನಗೆ ತಿಳಿಯದು.

ಅದಾದ ಮೇಲೆ ನಾನು ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದನ್ನು ಬಿಟ್ಟೆ. ನಿಜವಾಗಿಯೂ ಬಿಟ್ಟೆ. ಯಾವ ಮಗುವೂ ಅರ್ಧ ಕಥೆ ಹೊತ್ತುಕೊಂಡು ಮನೆಗೆ ಹೋಗುವುದು ಬೇಡ, ನಾಳೆ ಬೆಳಿಗ್ಗೆ ಏನು ಕಾದಿದೆಯೋ ಯಾರಿಗೆ ಗೊತ್ತು ಎನ್ನುವ ಭಯ. ಊಟದ ಗಂಟೆಯ ಮೊದಲೇ ಕೊನೆಯ ಪುಟದವರೆಗೆ ಓದಿ ಮುಗಿಸುತ್ತಿದ್ದೆ. ಮಕ್ಕಳು ಪುಸ್ತಕದಲ್ಲಿದ್ದ ಹಾಗೆಯೇ ಚಿತ್ರ ಬರೆಯುತ್ತಿದ್ದರು. ಹಳದಿ ಬಣ್ಣ ಖರ್ಚಾಗುವುದು ನಿಂತಿತ್ತು. ಕೋಣೆ ಸಪ್ಪಗಾಗಿದೆ ಎಂದು ನನಗೂ ಅನ್ನಿಸುತ್ತಿತ್ತು, ಆದರೆ ಧೈರ್ಯ ಬರಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಒಂದು ದಿನ, ಸಂತೆಯಲ್ಲಿ ಯಜಮಾನನನ್ನು ಕಳೆದುಕೊಂಡ ಒಂದು ಕೊಡೆಯ ಕಥೆ ಓದುತ್ತಿದ್ದೆ. ಸಂತೆ ಮುಗಿದಿದೆ, ಅಂಗಡಿಗಳು ಎದ್ದಿವೆ, ಕೊಡೆಯೊಂದೇ ಕಟ್ಟೆಯ ಮೇಲೆ ಉಳಿದಿದೆ. ನಾನು ನಿಲ್ಲಿಸದೆ ಪುಟ ತಿರುಗಿಸಲು ಹೋದೆ. ಉಗುರಿನಲ್ಲಿ ಬೂದುಬಣ್ಣ ಕೂತ ಒಂದು ಪುಟ್ಟ ಕೈ ಪುಟದ ಮೇಲೆ ಬಂದು ಕೂತಿತು.

"ಇಲ್ಲಿಗೆ ನಿಲ್ಸಿ ಟೀಚರ್" ಅಂದಳು ಸಿಂಚನ.

ಯಾಕೆ ಎಂದು ಕೇಳಿದೆ.

"ಮುಂದೇನಾಗ್ತದೆ ಅಂತ ಸಂಜೆ ಅಮ್ಮನ್ನ ಕೇಳ್ಬೇಕು."

ನಾನು ಪುಸ್ತಕ ಮುಚ್ಚಿದೆ.